ಒಂದೇ ಕಡೆ ತಿದ್ದಬೇಕು

ಪುಣೆಯಿಂದ ಊರಿಗೆ ಬಂದಾಗಲೆಲ್ಲ ನಮ್ಮ ಓಣಿಯ ಹಿರಿಯರು ನನಗೆ ಕೇಳುವುದು ಒಂದೇ ಪ್ರಶ್ನೆ: “ಕಂಪ್ಯೂಟರದಾಗ ನೀ ಮಾಡೂದರೆ ಏನವಾ?” ಮಾಸ್ತರಕಿ ಅಂದರೆ ತಿಳಿಯುತ್ತದೆ, ಬ್ಯಾಂಕ್ ನೌಕರಿ ಅಂದರೆ ತಿಳಿಯುತ್ತದೆ. “ಡಿಸೈನ್ ಕಂಪೊನೆಂಟ್ ಲೈಬ್ರರಿ ನೋಡಿಕೋತೀನಿ” ಅಂದರೆ ಕೇಳಿದವರು ಸುಮ್ಮನೆ ಚಹಾದ ಕಪ್ಪಿನ ಕಡೆ ತಿರುಗುತ್ತಾರೆ. ವಾಚನಾಲಯದವರು ಈ ಪುಸ್ತಕಕ್ಕೆ ಏನಾದರೂ ಬರೆದುಕೊಡು ಎಂದಾಗ, ಆ ಪ್ರಶ್ನೆಗೇ ಉತ್ತರ ಬರೆಯೋಣ ಅನ್ನಿಸಿತು.

ನಿಮ್ಮ ಕೈಯಲ್ಲಿರುವ ಮೊಬೈಲಿನ ಯಾವುದೇ ಆ್ಯಪ್ ತೆರೆದು ನೋಡಿರಿ. ಒತ್ತುವ ಬಟನ್, ಹೆಸರು ಬರೆಯುವ ಚೌಕ, ತಾರೀಖು ಆರಿಸುವ ಪಂಚಾಂಗ, ತಪ್ಪಾದರೆ ಕೆಂಪಗೆ ಕಾಣುವ ಸಾಲು, ಇವೆಲ್ಲ ಬಿಡಿಭಾಗಗಳು. ದೊಡ್ಡ ಕಂಪನಿಯಲ್ಲಿ ಒಂದು ಗುಂಪು ಸಾಲದ ಪುಟ ಮಾಡುತ್ತದೆ, ಇನ್ನೊಂದು ವಿಮೆಯದು, ಮತ್ತೊಂದು ಹಣ ಕಳಿಸುವುದು. ಪ್ರತಿ ಗುಂಪೂ ತನ್ನ ಬಟನ್ ತಾನೇ ಬರೆದುಕೊಂಡರೆ ಒಂದೇ ಆ್ಯಪಿನಲ್ಲಿ ಹತ್ತು ನಮೂನೆಯ ಬಟನ್ ಆಗುತ್ತವೆ. ಅದಕ್ಕೆ ಒಮ್ಮೆ ಸರಿಯಾಗಿ ಮಾಡಿ ಎಲ್ಲರಿಗೂ ಸಿಗುವ ಒಂದು ಭಂಡಾರದಲ್ಲಿ ಇಡುತ್ತೇವೆ. ಬೇಕಾದವರು ಅಲ್ಲಿಂದ ತೆಗೆದುಕೊಂಡು ಬಳಸುತ್ತಾರೆ. ಈ ವಿಚಾರ ಹೊಸದೇನಲ್ಲ. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ಡಗ್ ಮ್ಯಾಕಿಲ್‌ರಾಯ್ ಎಂಬ ತಜ್ಞರು, ಬೇರೆ ಕಾರಖಾನೆಗಳ ಹಾಗೆ ಸಾಫ್ಟ್‌ವೇರ್ ಕೂಡ ಸಿದ್ಧ ಬಿಡಿಭಾಗಗಳಿಂದ ಕಟ್ಟುವಂತಾಗಬೇಕು ಎಂದು ವಾದಿಸಿದ್ದರು. ಪರದೆಯ ಚಿತ್ರ ಬರೆಯುವ ನಮ್ಮಂಥವರು ಈಗ ಹೆಚ್ಚಾಗಿ ಬಳಸುವುದು 2016ರಲ್ಲಿ ಎಲ್ಲರಿಗೂ ಸಿಗುವಂತಾದ ಫಿಗ್ಮಾ ಎಂಬ ಸಾಧನ.

ಇದನ್ನು ನಮ್ಮ ಕಾಕಾನಿಗೆ ಹೇಳುವುದು ಮಾತ್ರ ನನಗೆ ಕಷ್ಟವಾಗಲಿಲ್ಲ. ಅವರು ಸೊಲ್ಲಾಪುರದಲ್ಲಿ ಚಾದರದ ಮಗ್ಗದ ಮೇಲೆ ದುಡಿದವರು. 2005–06ರಲ್ಲಿ ಭೌಗೋಳಿಕ ಗುರುತು ಪಡೆದ ಸೊಲ್ಲಾಪುರ ಚಾದರದ ಹೂವು, ನವಿಲು ಎಲ್ಲ ಬರುವುದು ಜಕಾರ್ಡ್ ಕಾರ್ಡಿನಿಂದ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಢಿಗೆ ತಂದ ಪದ್ಧತಿ ಅದು. ಮೊದಲು ಚೌಕಳಿ ಕಾಗದದ ಮೇಲೆ ನಕ್ಷೆ ಬರೆಯುತ್ತಾರೆ. ಆಮೇಲೆ ದಪ್ಪ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ತೂತಿದ್ದಲ್ಲಿ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ಕಾರ್ಡು, ಎಲ್ಲವನ್ನೂ ದಾರದಿಂದ ಪೋಣಿಸಿ ಮಾಲೆ ಮಾಡಿರುತ್ತಾರೆ. ನನ್ನ ಮಾತು ಕೇಳಿ ಕಾಕಾ ಅಂದರು: “ಹಂಗಾದ್ರ ನೀ ಕಾರ್ಡ್ ಹೊಡಿಯಾಕಿ. ಒಂದು ಕಾರ್ಡ್ ತಪ್ಪಿದ್ರ ನೂರು ಚಾದರ ನೇದ್ರೂ ನೂರರಾಗೂ ಅದ ತಪ್ಪು. ನೇಯಾಂವ ಏನೂ ಮಾಡಾಕ ಬರೂದಿಲ್ಲ, ಕಾರ್ಡನ ಬದಲಿ ಮಾಡಬೇಕು.”

ನಮ್ಮ ಕೆಲಸದ ಅರ್ಧ ಭಾಗವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಉಳಿದರ್ಧ ಹೀಗಿದೆ. ಭಂಡಾರದಲ್ಲಿ ಇರುವುದು ಮೂಲ ಬಟನ್. ಪುಟಗಳಲ್ಲಿ ಇರುವುದು ಅದರ ಪ್ರತಿ. ಮೂಲದಲ್ಲಿ ತಿದ್ದಿದರಷ್ಟೇ ಸಾಲದು, ಅದನ್ನು ‘ಪಬ್ಲಿಷ್’ ಮಾಡಬೇಕು, ಅಂದರೆ ಡಂಗುರ ಹೊಡೆಯಬೇಕು. ಏನು ಬದಲಾಯಿತು, ಯಾಕೆ ಬದಲಾಯಿತು ಎಂದು ಎರಡು ಸಾಲು ಬರೆಯಬೇಕು. ಬಳಸುವವರಿಗೆ ಸೂಚನೆ ಹೋಗುತ್ತದೆ, ಅವರು ನೋಡಿ ಒಪ್ಪಿಕೊಂಡ ಮೇಲೆಯೇ ಅವರ ಪುಟದಲ್ಲಿ ಹೊಸದು ಬರುತ್ತದೆ. ಪ್ರೋಗ್ರಾಮ್ ಬರೆಯುವವರ ಭಂಡಾರಕ್ಕೆ ಇದರ ಜೊತೆಗೆ ಮೂರು ಅಂಕಿಯ ಗುರುತೂ ಇರುತ್ತದೆ, 2.4.1 ಇದ್ದ ಹಾಗೆ. ಸಣ್ಣ ದುರಸ್ತಿಯಾದರೆ ಕೊನೆಯ ಅಂಕಿ ಏರುತ್ತದೆ, ಹಳೆಯದಕ್ಕೆ ಧಕ್ಕೆಯಿಲ್ಲದೆ ಹೊಸದು ಸೇರಿದರೆ ನಡುವಿನದು. ಹಳೆಯ ಪುಟ ಕೆಡಬಹುದಾದಂಥ ಬದಲಾವಣೆಯಾದರೆ ಮೊದಲ ಅಂಕಿ ಏರುತ್ತದೆ. ಮೊದಲ ಅಂಕಿ ಬದಲಾಯಿತೆಂದರೆ ಎಲ್ಲರೂ ಎಚ್ಚರ.

ಹೆಸರಿಡುವ ವಿದ್ಯೆಗೆ ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ಊರ ಹೆಸರಲ್ಲೇ ಅದು ಇದೆ. ಬುದ್ರುಕ ಅಂದರೆ ದೊಡ್ಡದು, ಖುರ್ದ ಅಂದರೆ ಸಣ್ಣದು, ಪಾರಸಿಯಿಂದ ಬಂದ ಮಾತುಗಳು. ಮಹಾರಾಷ್ಟ್ರದಲ್ಲಿ ಇಂಥ ಜೋಡಿ ಊರುಗಳು ಬೇಕಾದಷ್ಟು ಇವೆ. ಮೊದಲು ಊರ ಹೆಸರು, ಆಮೇಲೆ ಅದರ ಗಾತ್ರ. ನಮ್ಮ ಭಂಡಾರದಲ್ಲೂ ಹಾಗೆಯೇ: ‘ಬಟನ್, ದೊಡ್ಡದು’, ‘ಬಟನ್, ಸಣ್ಣದು’. ‘ಹೊಸ ಬಟನ್’, ‘ಕೊನೆಯ ಬಟನ್’, ‘ನೀಲಿ ಬಟನ್ 2’ ಎಂದು ಮನಸ್ಸಿಗೆ ಬಂದಂತೆ ಹೆಸರಿಟ್ಟರೆ ಹುಡುಕಿದವನಿಗೆ ಸಿಗುವುದಿಲ್ಲ. ಸಿಗದವನು ತನ್ನದೇ ಒಂದು ಮಾಡಿಕೊಳ್ಳುತ್ತಾನೆ.

ಇಷ್ಟೇ ಆಗಿದ್ದರೆ ಇದು ಬರೀ ಕಚೇರಿಯ ಕೆಲಸ ಆಗುತ್ತಿತ್ತು. ಇದು ನಮ್ಮ ಮನೆಯ ಹೊಸ್ತಿಲಿಗೂ ಬಂದದ್ದನ್ನು ಹೇಳುತ್ತೇನೆ.

ನಾವು ಮಾಡುತ್ತಿದ್ದ ಆ್ಯಪ್ ಇಂಗ್ಲಿಷ್, ಮರಾಠಿ, ಕನ್ನಡ ಮೂರರಲ್ಲೂ ಇತ್ತು. ಅವ್ವ ಅದನ್ನು ಕನ್ನಡದಲ್ಲಿ ತೆರೆದಳು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದವಳು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಒಂದು ಬಟನ್ ಮೇಲೆ ಬೆರಳಿಟ್ಟು, “ರದು ಅಂದ್ರ ಏನ?” ಅಂದಳು. ‘ರದ್ದು’ ಎಂದು ಬರೆದದ್ದರಲ್ಲಿ ಕೆಳಗಿನ ಒತ್ತಕ್ಷರ ಕಡಿದುಹೋಗಿತ್ತು. ಪಕ್ಕದ ಬಟನ್‌ನಲ್ಲಿ ‘ಒಪ್ಪಿಗೆ’ ಇದ್ದದ್ದು ‘ಒಪಿಗೆ’ ಆಗಿತ್ತು. ಊರು ಆರಿಸುವ ಪಟ್ಟಿಯಲ್ಲಿ ಅಕ್ಕಲಕೋಟ ಹೋಗಿ ಅಕಲಕೋಟ ಆಗಿತ್ತು, ಸೊಲ್ಲಾಪುರ ಹೋಗಿ ಸೊಲಾಪುರ. ಅವ್ವ ಮೊಬೈಲ್ ಕೆಳಗಿಟ್ಟು, “ನನಗ ಓದಾಕ ಬರೂದಿಲ್ಲ ಬಿಡು, ಮರ್ತೀನಿ” ಅಂದಳು. ತಪ್ಪು ಪರದೆಯದು, ಆದರೆ ಅವಳು ಅದನ್ನು ತನ್ನ ಮೇಲೆ ಹಾಕಿಕೊಂಡಳು. ನನಗೆ ನೋವಾದದ್ದು ಅದಕ್ಕೆ. ಸಾಲದ ಆ್ಯಪಿನಲ್ಲಿ ರದ್ದು ಯಾವುದು, ಒಪ್ಪಿಗೆ ಯಾವುದು ಎಂದು ತಿಳಿಯದೆ ಒತ್ತಿದರೆ ಏನಾದೀತು ಎಂಬುದೂ ಸಣ್ಣ ಮಾತಲ್ಲ.

ಕಾರಣ ಸರಳ. ಬಟನ್ ಕಟ್ಟಿದವರು ಇಂಗ್ಲಿಷ್ ಅಕ್ಷರ ಇಟ್ಟು ನೋಡಿದ್ದರು. ಅಕ್ಷರದ ಅಳತೆ 16 ಪಿಕ್ಸೆಲ್, ಸಾಲಿನ ಎತ್ತರ 20, ಅದರಾಚೆ ಹೋದದ್ದು ಕಾಣಬಾರದು ಎಂದು ಬರೆದಿತ್ತು. ಪಿಕ್ಸೆಲ್ ಅಂದರೆ ಪರದೆಯ ಒಂದು ಚುಕ್ಕಿ. ದೇವನಾಗರಿಯಲ್ಲಿ ಜೋಡಕ್ಷರ ಹೆಚ್ಚಾಗಿ ಪಕ್ಕಪಕ್ಕಕ್ಕೆ ಕೂಡುತ್ತದೆ, ಆದ್ದರಿಂದ ಮರಾಠಿಯವರಿಗೆ ತೊಂದರೆ ಕಾಣಲಿಲ್ಲ. ನಮ್ಮ ಲಿಪಿಯಲ್ಲಿ, ತೆಲುಗಿನಲ್ಲಿ, ಒತ್ತಕ್ಷರ ಕೆಳಗೆ ಇಳಿಯುತ್ತದೆ.

ಒಂದು ಗುಂಪಿನವರು ಇದನ್ನು ಮೊದಲೇ ಕಂಡಿದ್ದರು. ಅವರು ತಮ್ಮ ಪುಟದ ಬಟನ್ನನ್ನು ಮೂಲದಿಂದ ಬಿಡಿಸಿಕೊಂಡು, ಎತ್ತರ ಹೆಚ್ಚಿಸಿಕೊಂಡು ಕೂತಿದ್ದರು. ಅವರ ಪುಟ ಚೆನ್ನಾಗಿತ್ತು. ಆದರೆ ಬಿಡಿಸಿಕೊಂಡ ಪ್ರತಿಗೆ ಮೂಲದ ಸುದ್ದಿ ಮುಂದೆ ಬರುವುದಿಲ್ಲ. ಕುರುಡರಿಗೆ ಓದಿ ಹೇಳುವ ಸವಲತ್ತು ಎಲ್ಲ ಬಟನ್‌ಗಳಿಗೂ ಬಂದಾಗ ಅವರದಕ್ಕೆ ಬರಲಿಲ್ಲ. ಕನ್ನಡ ಓದಬಲ್ಲ ಒಬ್ಬ ಹುಡುಗ ಆ ಗುಂಪಿನಲ್ಲಿ ಇದ್ದಾನೆ ಎಂಬ ಕಾರಣಕ್ಕೆ ಅಷ್ಟೇ ಪುಟಗಳಲ್ಲಿ ಕನ್ನಡ ಸರಿ ಇತ್ತು. ಅವನು ನೌಕರಿ ಬಿಟ್ಟರೆ ಅದೂ ಇಲ್ಲ.

ನಾನು ಹಟ ಹಿಡಿದದ್ದು ಇದಕ್ಕೇ. ನಮ್ಮ ಭಾಷೆ ಯಾರೋ ಒಬ್ಬರ ದಯೆಯ ಮೇಲೆ ನಿಲ್ಲಬಾರದು, ಎಲ್ಲರೂ ತೆಗೆದುಕೊಳ್ಳುವ ಮೂಲದಲ್ಲೇ ಇರಬೇಕು. ಸಭೆಯಲ್ಲಿ ಆಕ್ಷೇಪ ಬಂತು: ಎತ್ತರ ಹೆಚ್ಚಾದರೆ ಎಲ್ಲರ ಪುಟ ಕೆಳಗೆ ಸರಿಯುತ್ತದೆ, ಕನ್ನಡದಲ್ಲಿ ಬಳಸುವವರು ಎಷ್ಟು ಮಂದಿ? ಕಡಿದ ಅಕ್ಷರ ನೋಡಿ ಮೊಬೈಲ್ ಕೆಳಗಿಟ್ಟವರು ಎಣಿಕೆಗೆ ಸಿಗುವುದಿಲ್ಲ ಎಂದು ಹೇಳಿದೆ. 2018ರಲ್ಲಿ ಬಂದ ಜಾಗತಿಕ ವೆಬ್ ನಿಯಮಾವಳಿಯನ್ನೂ ತೋರಿಸಿದೆ. ಓದುವವರು ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟು ಮಾಡಿಕೊಂಡರೂ ಬರಹ ಕಳೆದುಹೋಗಬಾರದು ಎಂದು ಅದರಲ್ಲಿದೆ. 16ಕ್ಕೆ ಒಂದೂವರೆ ಪಟ್ಟು ಅಂದರೆ 24, ನಮ್ಮದು 20ಕ್ಕೇ ಕಡಿಯುತ್ತಿತ್ತು. ಕೊನೆಗೆ ಒಪ್ಪಿದರು.

ಹೊಸ ಬಟನ್‌ಗೆ ಇಷ್ಟೇ ಎತ್ತರ ಎಂದು ಕಟ್ಟು ಹಾಕಲಿಲ್ಲ. ಕಡಿಮೆ ಎಂದರೆ ಇಷ್ಟಿರಲಿ, ಅಕ್ಷರ ಬೇಡಿದರೆ ಬೆಳೆಯಲಿ ಎಂದು ಬರೆದೆವು. ಹಳೆಯದನ್ನು ಒಮ್ಮೆಲೇ ಕಿತ್ತು ಹಾಕಲಿಲ್ಲ. ಯಾವ ಪುಟಗಳಲ್ಲಿ ಅದು ಬಳಕೆಯಲ್ಲಿದೆ ಎಂದು ಪಟ್ಟಿ ಮಾಡಿ, ‘ಇದು ಇನ್ನು ಬೇಡ’ ಎಂದು ಅದರ ಮೇಲೆ ಬರೆದು, ಹೊಸದನ್ನು ಪಕ್ಕದಲ್ಲಿಟ್ಟು, ಪ್ರತಿ ಗುಂಪಿನ ಹತ್ತಿರ ಕೂತು ಬದಲಿಸಿಕೊಟ್ಟೆವು. ಬಿಡಿಸಿಕೊಂಡು ಹೋಗಿದ್ದ ಗುಂಪೂ ಮರಳಿ ಮೂಲಕ್ಕೆ ಸೇರಿತು. ಹೊಸ ಬಟನ್ ಬರೆಯಲು ಒಂದು ದಿನ ಹಿಡಿದಿರಬೇಕು. ಎಲ್ಲರೂ ಅದನ್ನು ತೆಗೆದುಕೊಳ್ಳುವವರೆಗೆ ತಿಂಗಳುಗಳೇ ಹೋದವು. ನನ್ನ ಪಗಾರ ಹೆಚ್ಚಾಗಿ ಆ ಎರಡನೆಯ ಕೆಲಸಕ್ಕೆ.

ಈಗ ನಮ್ಮ ಭಂಡಾರದಲ್ಲಿ ಒಂದು ನಿಯಮ ಇದೆ. ಯಾವ ಬಿಡಿಭಾಗವನ್ನಾದರೂ ಪಬ್ಲಿಷ್ ಮಾಡುವ ಮುಂಚೆ ಅದರಲ್ಲಿ ಕೆಲವು ಕನ್ನಡ ಶಬ್ದ ಇಟ್ಟು ನೋಡಬೇಕು. ಪಟ್ಟಿ ನಾನೇ ಬರೆದದ್ದು: ರದ್ದು, ಒಪ್ಪಿಗೆ, ಅಕ್ಕಲಕೋಟ, ಸೊಲ್ಲಾಪುರ, ರಾಷ್ಟ್ರೀಯ, ಸ್ವಾತಂತ್ರ್ಯ, ದೃಷ್ಟಿ, ವೈಶಿಷ್ಟ್ಯ. ಕನ್ನಡ ಬಾರದವರೂ ಇದರಿಂದ ತಪಾಸಣೆ ಮಾಡಬಲ್ಲರು, ಕೆಳಗಿನ ಕೊಂಡಿ ಪೂರ್ತಿ ಕಾಣುತ್ತದೋ ಇಲ್ಲವೋ ಎಂದು ನೋಡಿದರೆ ಸಾಕು.

ಪಟ್ಟಿ ಇನ್ನೂ ಚಿಕ್ಕದು. ಇದನ್ನು ಓದುವ ಗುರುಗಳಲ್ಲಿ ಒಂದು ಬೇಡಿಕೆ: ಶುದ್ಧಬರಹ ಬರೆಸುವಾಗ ಮಕ್ಕಳು ತಡವರಿಸುವ, ಎರಡೆರಡು ಒತ್ತು ಇರುವ ಶಬ್ದಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಹಾಳೆಯಲ್ಲಿ ಬರೆದು ವಾಚನಾಲಯದಲ್ಲಿ ಕೊಟ್ಟಿಡಿರಿ. ದೀಪಾವಳಿಗೆ ಬಂದಾಗ ಒಯ್ಯುತ್ತೇನೆ.