ಸೀಟಿಗೆ ಟವೆಲ್ ಹಾಕಿದ ಮೇಲೆ

ಕರ್ನಲ್ ಒಳಗಿನ ಪ್ರಿಂಟ್‌ಕೆ ಎಂಬ ಫಂಕ್ಷನ್ ಬಗ್ಗೆ ಬರೆಯುತ್ತೇನೆ ಅಂದರೆ ನಮ್ಮ ಮನೆಯಲ್ಲೇ ನಗುತ್ತಾರೆ. ನಗಲಿ ಬಿಡಿ. ಲಿನಕ್ಸ್ ಕರ್ನಲ್ ತನ್ನ ಕಷ್ಟಸುಖ ಹೇಳಿಕೊಳ್ಳುವುದು ಇದರ ಮೂಲಕವೇ. ಯಂತ್ರ ಸತ್ತು ಬಿದ್ದಾಗ ನಮ್ಮಂಥವರಿಗೆ ಸಿಗುವುದು ಅದು ಕೊನೆಗೆ ಬರೆದ ನಾಲ್ಕು ಸಾಲು ಅಷ್ಟೇ.

ಕಷ್ಟ ಏನೆಂದರೆ, ಇದನ್ನು ಯಾರು ಯಾವಾಗ ಬೇಕಾದರೂ ಕರೆಯಬಹುದು. ಎಂಟು ಸಿಪಿಯು ಒಟ್ಟಿಗೆ ಮಾತಾಡಬಹುದು. ಒಬ್ಬ ಬರೆಯುತ್ತಿರುವಾಗಲೇ ಅದೇ ಸಿಪಿಯು ಮೇಲೆ ಎನ್‌ಎಮ್‌ಐ ಎಂಬ, ತಡೆಯಲಾಗದ ಇಂಟರಪ್ಟ್ ಬಂದು ತಾನೂ ಬರೆಯುತ್ತೇನೆ ಅನ್ನಬಹುದು. ಮೊದಲಿನವನ ಕೈಯಲ್ಲಿ ಲಾಕ್ ಇದ್ದರೆ ಇವನು ಕಾಯಬೇಕು. ಇವನು ಮುಗಿಸದೆ ಅವನು ಮುಂದೆ ಹೋಗುವಂತಿಲ್ಲ. ಮುಗಿಯಿತು ಕಥೆ. ಪ್ರತಿ ಸಿಪಿಯುಗೂ ಬೇರೆ ಬಫರ್ ಕೊಟ್ಟು ಒಂದಷ್ಟು ಕಾಲ ಸುಧಾರಿಸಿದರು. 2020ರ ಡಿಸೆಂಬರಿನಲ್ಲಿ ಬಂದ 5.10 ಕರ್ನಲ್‌ಗೆ ಜಾನ್ ಓಗ್ನೆಸ್ ಬರೆದ, ಲಾಕ್ ಬೇಡದ ರಿಂಗ್ ಬಫರ್ ಸೇರಿತು. ಹಳೆಯ ಲಾಕ್ ಪೂರ್ತಿ ಕಳಚಲು ಇನ್ನೂ ಕೆಲವು ಬಿಡುಗಡೆ ಬೇಕಾದವು, ಅದು ಬೇರೆ ಮಾತು.

ಊರ ಕಡೆ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಅದೇ ಉಪಾಯ. ಬರೆಯುವವನು ಮೊದಲು ಜಾಗ ಹಿಡಿಯುತ್ತಾನೆ, ಬರೆದಾದ ಮೇಲೆ ‘ಕೂತೆ’ ಅಂತ ಗುರುತು ಹಾಕುತ್ತಾನೆ. ಓದುವವನು ಟವೆಲನ್ನೇ ಮನುಷ್ಯ ಅಂದುಕೊಳ್ಳಬಾರದು. ಆದರೆ ಸಿಪಿಯು ಬರೆದದ್ದು ಬೇರೆ ಸಿಪಿಯುಗಳಿಗೆ ಅದೇ ಕ್ರಮದಲ್ಲಿ ಕಾಣಬೇಕೆಂದಿಲ್ಲ. ಅಕ್ಷರಗಳಿಗಿಂತ ಮುಂಚೆ ‘ಕೂತೆ’ ಕಂಡರೆ ಓದುವುದು ಕಸ. ಅದಕ್ಕೇ ಮೆಮೊರಿ ಬ್ಯಾರಿಯರ್‌ಗಳು. ಆ ಫೈಲಿನಲ್ಲಿ ಯಾವ ಬ್ಯಾರಿಯರ್‌ಗೆ ಯಾವುದು ಜೋಡಿ ಅಂತ ಕಾಮೆಂಟಿನಲ್ಲೇ ಬರೆದಿದ್ದಾರೆ. ಲಾಕ್‌ಡೌನಿನಲ್ಲಿ, ಲೋಕಲ್‌ಗಳ ಗದ್ದಲ ಅಡಗಿದ್ದ ಕುರ್ಲಾದಲ್ಲಿ ಕೂತು ಆ ಪ್ಯಾಚ್‌ಗಳನ್ನು ಓದಿದ್ದೆ. ಓದುವವನ ಮೇಲೆ ಇಷ್ಟು ಕರುಣೆ ಇರುವ ಕೋಡ್ ಅಪರೂಪ ಸ್ವಾಮಿ.

ಈಗ ಇದೆಲ್ಲ ಯಾಕೆ ಅಂದರೆ, ಬೆಂಗಳೂರು ಆಫೀಸಿನ ಹುಡುಗನೊಬ್ಬ ಒಂದು ಪ್ಯಾಚ್ ಕಳಿಸಿದ್ದಾನೆ. ನಮ್ಮ ಡಿವೈಸಿನದು ಇನ್ನೂ 5.10. ಸೀರಿಯಲ್ ಕನ್ಸೋಲ್ 115200 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 11,500 ಅಕ್ಷರ. 80 ಅಕ್ಷರದ ಸಾಲಿಗೆ 7 ಮಿಲಿಸೆಕೆಂಡು. ಅಷ್ಟು ಹೊತ್ತು ಸಿಪಿಯು ಅಲ್ಲೇ ಸಿಕ್ಕಿಬಿದ್ದಿರುತ್ತದೆ. ಹುಡುಗ ಈ ಕೆಲಸವನ್ನು ಬೇರೆ ಥ್ರೆಡ್‌ಗೆ ವಹಿಸಿದ್ದಾನೆ. ಒಳ್ಳೆಯ ಯೋಚನೆಯೇ.

“ಸರ್, ರಾತ್ರಿಯಿಡೀ ಓಡಿಸಿದೀನಿ, ಎಲ್ಲಾ ಪಾಸ್” ಅಂದ ಫೋನಿನಲ್ಲಿ.

“ಪ್ಯಾನಿಕ್ ಆದಾಗ ಯಾರಪ್ಪಾ ಪ್ರಿಂಟ್ ಮಾಡೋದು?”

“ಆಗ ಥ್ರೆಡ್ ಓಡಲ್ಲ, ಗೊತ್ತು ಸರ್. ನೇರವಾಗಿ ಫ್ಲಶ್ ಮಾಡ್ತೀನಿ.”

“ಫ್ಲಶ್ಶಿಗೆ ಲಾಕ್ ಬೇಕಲ್ಲ. ಥ್ರೆಡ್ ಅದನ್ನ ಹಿಡ್ಕೊಂಡಿದ್ದಾಗಲೇ ಅದರ ಸಿಪಿಯು ನಿಲ್ಲಿಸಿಬಿಟ್ರೆ?”

ಆ ಕಡೆ ಸದ್ದಿಲ್ಲ.

ಪ್ಯಾನಿಕ್ ಆದ ಸಿಪಿಯು ಉಳಿದವನ್ನೆಲ್ಲ ನಿಲ್ಲಿಸುತ್ತದೆ. ನಿಂತವನ ಕೈಯಲ್ಲೇ ಲಾಕ್ ಉಳಿದರೆ ಬಿಡಿಸುವವರು ಯಾರು? ನೂರು ರಾತ್ರಿ ಓಡಿಸಿದರೂ ಆ ಕ್ಷಣ ಬರದೇ ಇರಬಹುದು. ಗಿರಾಕಿಯ ಹತ್ತಿರ ಬಂದ ದಿನ ಯಂತ್ರ ಮಾತಿಲ್ಲದೆ ಸಾಯುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಇಂಥದ್ದನ್ನು ನಾನು ಹಿಡಿಯುವುದು ಕಾಗದದ ಮೇಲೆ. ಎಡಕ್ಕೊಂದು ಸಿಪಿಯು, ಬಲಕ್ಕೊಂದು, ಒಂದೊಂದೇ ಸಾಲು ಬರೆದು, ಪ್ರತಿ ಸಾಲಿನಲ್ಲೂ ‘ಇಲ್ಲೇ ಸತ್ತರೆ?’ ಅಂತ ಕೇಳಿಕೊಳ್ಳುವುದು. ನೆಹರೂ ನಗರದ ಎಸ್‌ಟಿ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುವಾಗಲೂ ಜೇಬಿನಲ್ಲಿ ಆ ಹಾಳೆ.

ದೊಡ್ಡವರಿಗೂ ಇದು ಸುಲಭವಾಗಲಿಲ್ಲ. 5.19ಕ್ಕೆ ಸೇರಿಸಿದ್ದ ಇಂಥದ್ದೇ ಥ್ರೆಡ್‌ಗಳನ್ನು 2022ರ ಜೂನಿನಲ್ಲಿ, ಬಿಡುಗಡೆಗೆ ಮೊದಲೇ, ಪೆಟ್ರ್ ಮ್ಲಾಡೆಕ್ ವಾಪಸ್ ತೆಗೆದರು. ಕನ್ಸೋಲ್‌ಗಳು ಸರದಿಯಲ್ಲಿದ್ದಾಗ ಇರದ ತೊಂದರೆಗಳು ಒಟ್ಟಿಗೆ ಓಡಿದಾಗ ಕಂಡವು. ಹೊಸ ರೂಪದಲ್ಲಿ ಥ್ರೆಡ್‌ಗಳು ಮತ್ತೆ ಬಂದದ್ದು 2024ರ ನವೆಂಬರಿನ 6.12ರಲ್ಲಿ. ಅಲ್ಲಿ ಕನ್ಸೋಲಿನ ಒಡೆತನಕ್ಕೆ ಆದ್ಯತೆಗಳಿವೆ. ಪ್ಯಾನಿಕ್ ಆದವನು ಕೊನೆಗೆ ಬೇರೆಯವನ ಕೈಯಿಂದ ಕಿತ್ತುಕೊಳ್ಳಬಹುದು. ಸುಮಾರು ಇಪ್ಪತ್ತು ವರ್ಷ ಹೊರಗೆ ಕಾದ ರಿಯಲ್‌ಟೈಮ್ ಪ್ಯಾಚ್ ಒಳಬಂದದ್ದೂ ಅದರಲ್ಲೇ.

ಮ್ಯಾನೇಜರಿಗೆ ಶುಕ್ರವಾರದ ಬಿಲ್ಡಿನ ಚಿಂತೆ. ಒಪ್ಪಿದರೆ ಕೆಳಗೆ ‘ರಿವ್ಯೂಡ್ ಬೈ’ ಅಂತ ಬೀಳುವುದು ನನ್ನ ಹೆಸರು. ನಿನ್ನೆ ರಾತ್ರಿ ಹುಡುಗ ಮೂರನೇ ಆವೃತ್ತಿ ಕಳಿಸಿದ. ಲಾಕ್ ಹಿಡಿದಿರುವಾಗಲೇ ಬೇಕಂತಲೇ ಪ್ಯಾನಿಕ್ ಮಾಡಿಸುವ ಟೆಸ್ಟನ್ನೂ ಜೊತೆಗಿಟ್ಟಿದ್ದಾನೆ, ಖುಷಿಯಾಯಿತು. ಹೆಸರು ಮಾತ್ರ ಇನ್ನೂ ಹಾಕಿಲ್ಲ. ಒಂದು ಬ್ಯಾರಿಯರ್‌ಗೆ ಜೋಡಿ ಎಲ್ಲಿ ಅಂತ ಕೇಳಿದ್ದೇನೆ.