ಕಡಂಗದೊಳಗಿನ ಡಬ್ಬಿ

ಕುಟ್ಟ, ದಕ್ಷಿಣ ಕೊಡಗು
ಜನವರಿ, ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ನಿನ್ನ ಮಗ ಕ್ಷೇಮ. ಎಡ ಮೊಣಕೈ ತರಚಿದೆ, ಪ್ಯಾಂಟಿಗೆಲ್ಲ ಮುಳ್ಳು ಅಂಟಿದೆ, ಅಷ್ಟೇ. ಗೋಣಿಕೊಪ್ಪದಲ್ಲಿ ಕುಟ್ಟದ ಬಸ್ಸು ಹತ್ತಿದಾಗಿನಿಂದ ಅವನ ಕಣ್ಣು ಮೊಬೈಲಿನಲ್ಲೇ. ಈ ಸಲ ಮಾತ್ರ ಬೈಯಬೇಡ, ಅವನು ಹುಡುಕುತ್ತಿದ್ದುದು ಒಂದು ಡಬ್ಬಿಯನ್ನು.

ಆಟದ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ತಿಳಿಸುತ್ತಾರೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಂಕು ಮಾಡುತ್ತಿದ್ದ ಅಮೆರಿಕ ಸರ್ಕಾರ 2000ದ ಮೇ ಮೊದಲ ವಾರದಲ್ಲಿ ಅದನ್ನು ಕೈಬಿಟ್ಟಿತು. ಬೆನ್ನಿಗೇ ಮೇ 3ರಂದು ಆರೆಗನ್‌ನ ಡೇವ್ ಅಲ್ಮರ್ ಕಾಡಂಚಿನಲ್ಲೊಂದು ಬಕೆಟ್ ಹುದುಗಿಸಿಟ್ಟ. ಅಲ್ಲಿಂದ ಆಟ ಶುರು.

ಹೊರದೇಶಗಳಲ್ಲಿ ದೇಶದ ಗಡಿಗುಂಟ ನಡೆದು ಇದನ್ನು ಆಡುವವರಿದ್ದಾರೆ. ಕೊಡಗಿಗಿರುವುದು ರಾಜ್ಯದ ಗಡಿ. ಕುಟ್ಟ ದಾಟಿದರೆ ತೋಲ್ಪೆಟ್ಟಿ, ಅದಾಗಲೇ ವಯನಾಡು. 1956ರ ಅಕ್ಟೋಬರ್ 31ರವರೆಗೆ ಕೊಡಗೇ ಒಂದು ರಾಜ್ಯವಾಗಿತ್ತು. ಮರುದಿನ ಅದು ಮೈಸೂರಿಗೆ ಸೇರಿತು, ಅದೇ ದಿನ ಆಚೆಯ ಮಲಬಾರ್ ಕೇರಳಕ್ಕೆ. ಈಗ ಕುಟ್ಟದ ಚಹಾ ಅಂಗಡಿಯಲ್ಲಿ ಒಂದು ಲೋಟ ಮುಗಿಯುವಷ್ಟರಲ್ಲಿ ಕೊಡವ ತಕ್ಕ್, ಕನ್ನಡ, ಮಲಯಾಳ ಮೂರೂ ಕಿವಿಗೆ ಬೀಳುತ್ತವೆ. ಗಡಿಯ ಬೆಟ್ಟ ಬ್ರಹ್ಮಗಿರಿ, 1608 ಮೀಟರ್. ಈಚೆ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಸೇರುತ್ತದೆ. ಆಚೆ ತಿರುನೆಲ್ಲಿಯ ಕಾಳಿಂದಿ ಕಬಿನಿಗೆ ಸೇರಿ, ತಿರುಮಕೂಡಲಿನಲ್ಲಿ ಅದೇ ಕಾವೇರಿಗೆ ಬರುತ್ತದೆ. ಭೂಪಟದ ಗೆರೆ ನೀರಿಗೆ ತಿಳಿದಂತಿಲ್ಲ.

ಬ್ರಹ್ಮಗಿರಿ 1974ರಿಂದ ವನ್ಯಧಾಮ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಡಬ್ಬಿ ಬಚ್ಚಿಡುವ ಮಾತೇ ಇಲ್ಲ. ಹಾಗಾಗಿ ಹುಡುಗನ ಗೆಳೆಯ ತನ್ನ ಅಪ್ಪನ ಕಾಫಿ ತೋಟದಲ್ಲೇ ಇಟ್ಟಿದ್ದ.

ಈಗ ರೊಬಸ್ಟಾ ಕೊಯ್ಲಿನ ಕಾಲ. ಕಣದಲ್ಲಿ ಹರಡಿದ ಹಣ್ಣಿನ ಹುಳಿವಾಸನೆ ಕಾರ್ಮಿಕರ ಲೈನ್ ಮನೆಗಳವರೆಗೂ ಬರುತ್ತದೆ. ಮಾವ ಮುಂದೆ, ಸೋದರಳಿಯ ಹಿಂದೆ; ಮೊಬೈಲಿನ ಬಾಣ ಒಮ್ಮೆ ಸಿಲ್ವರ್ ಓಕ್ ಕಡೆ, ಒಮ್ಮೆ ಗೊಬ್ಬರದ ಗುಂಡಿ ಕಡೆ. ದಟ್ಟ ಮರಗಳಡಿ ಉಪಗ್ರಹದ ಸಂಕೇತ ತಡವರಿಸುತ್ತದೆ. ಅರ್ಧ ಗಂಟೆ ಅಲ್ಲಲ್ಲೇ ಸುತ್ತಿದ್ದಾಯಿತು.

ಕಾಫಿ ಕೊಯ್ಯುತ್ತಿದ್ದ ಹೆಂಗಸೊಬ್ಬರು ತಲೆಯೆತ್ತದೆಯೇ ಹೇಳಿದರು: “ಕಡಂಗಕ್ಕೆ ಇಳಿದು ನೋಡಿ.”

ಎದುರಿಗಿದ್ದುದು ಬರೀ ಪೊದೆ. ಹುಡುಗ ಕಾಲಿಟ್ಟ, ಸರ್ರನೆ ಜಾರಿದ. ಮೊಣಕೈ ತರಚಿದ್ದು ಅಲ್ಲೇ. ಆಳ ಎರಡಾಳಿಗೂ ಮಿಗಿಲು, ಮೇಲೆ ತೋಡಿದ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಇಬ್ಬರು ತಬ್ಬಿದರೂ ಸಾಲದ ಮರ. ಕಡಂಗವೆಂದರೆ ಹಿಂದಿನವರು ಕಾಳಗಕ್ಕೂ ಎಲ್ಲೆಗೂ ತೋಡಿದ ಕಂದಕ. ಕೊಡಗಿನಲ್ಲಿ ಇಂಥವು ಬೆಟ್ಟ, ಕಾಡು ಎನ್ನದೆ ಮೈಲುಗಟ್ಟಲೆ ಸಾಗುತ್ತವೆ. 9, 10ನೇ ಶತಮಾನದ ಶಾಸನಗಳಲ್ಲೇ ಎಲ್ಲೆಯ ಗುರುತಾಗಿ ಅವುಗಳ ಉಲ್ಲೇಖವಿದೆ. ವಿರಾಜಪೇಟೆ ಹತ್ತಿರ ಕಡಂಗ ಎಂಬ ಊರೇ ಉಂಟು. ರಾಜ್ಯದ ಗಡಿಗೆ ಡಬ್ಬಿ ಹುಡುಕಿ ಬಂದವನು ಆ ಗಡಿಗಿಂತ ಹಳೆಯ ಗಡಿಯೊಳಗೇ ಬಿದ್ದಿದ್ದ.

ಡಬ್ಬಿ ಬೇರಿನ ಸಂದಿಯಲ್ಲಿತ್ತು. ಹಳೆಯ ಸ್ಟೀಲ್ ಟಿಫಿನ್ ಡಬ್ಬಿ, ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ. ಒಳಗೆ ಕಿರುಪುಸ್ತಕ, ಮೋಟು ಪೆನ್ಸಿಲ್, ಮಾನಂದವಾಡಿಯ ಬಸ್ ಟಿಕೆಟ್, ಒಂದು ಗೋಲಿ. ಪುಸ್ತಕದಲ್ಲಿ ನಿನ್ನ ಮಗನದು ಮೂರನೆಯ ಹೆಸರು.

ನಾಳೆ ಇರ್ಪು, ಮಂಗಳವಾರ ರಾತ್ರಿ ಊರಿಗೆ. ಅಂದಹಾಗೆ, ಗೋಲಿ ತೆಗೆದುಕೊಂಡು ನಿಮ್ಮ ಮನೆಯ ಸಣ್ಣ ಟಾರ್ಚನ್ನು ಅಲ್ಲಿ ಇಟ್ಟು ಬಂದಿದ್ದಾನೆ. ಕರೆಂಟು ಹೋದಾಗ ಹುಡುಕಬೇಡ.

ನಿನ್ನ ತಮ್ಮ