ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಜ್ಜಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಓದುತ್ತಿರುವ ನನ್ನನ್ನು ನೋಡಲು ಸಾಗರದಿಂದ ಅಜ್ಜಿ ಬಂದಿದ್ದರು. ಸುತ್ತಲಿನ ಗಾಜಿನ ಕಟ್ಟಡಗಳನ್ನು ಕಂಡು, "ಊರೇ ಇಲ್ಲದ ಜಾಗದಲ್ಲಿ ಹೇಗಿರ್ತೀಯೇ ಪುಟ್ಟಿ?" ಎಂದು ಪೇಚಾಡಿದರು.

ಮರುದಿನ ಹಳದಿ ಮಾರ್ಗದ ಮೆಟ್ರೊ ಹತ್ತಿಸಿದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಈ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿ.ಮೀ. ಇದೆ. ಚಾಲಕನಿಲ್ಲದೆಯೂ ಓಡಬಲ್ಲ ರೈಲು! ಅಜ್ಜಿಯ ಕಣ್ಣು ಮಾತ್ರ ನಿಲ್ದಾಣಗಳ ಹೆಸರಿನ ಮೇಲಿತ್ತು: ಬೆರಟೇನ ಅಗ್ರಹಾರ, ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರ.

"ಎಲ್ಲಾ ಊರುಗಳೇ ಕಣೇ! ಅಗ್ರಹಾರ ಅಂದ್ರೆ ಹಿಂದೆ ವಿದ್ವಾಂಸರಿಗೆ ದಾನ ಕೊಟ್ಟ ಊರು. ಸಂದ್ರ ಅಂದ್ರೆ ಸಮುದ್ರ, ದೊಡ್ಡ ಕೆರೆಗೆ ಹಾಗೆ ಹೇಳ್ತಿದ್ರು" ಎಂದರು.

ದಿನವೂ ಓದುತ್ತಿದ್ದ ಹೆಸರುಗಳಲ್ಲಿ ನನಗೆ ಊರು, ಕೆರೆ ಕಂಡದ್ದು ಅಂದೇ. ಅಜ್ಜಿಯೂ ನೆಮ್ಮದಿಯಿಂದ ಮನೆಗೆ ಹೊರಟರು.

ನಿಮ್ಮ ಬಡಾವಣೆಯ ಹೆಸರಿನಲ್ಲಿ ಏನಡಗಿದೆ? ಮನೆಯ ಹಿರಿಯರನ್ನು ಕೇಳಿ ನೋಡಿ.